ಮೊದಲ ಗೇರಿನಲ್ಲಿ ನಿಂತ ಕಾರು

"ಹಿಂದಿನ ಎಡಗಡೆ ಚಕ್ರ ಬಿಚ್ಚಿ ಅಮರೇಶ್," ಎಂದರು ಜಗದಾಂಬಾ.

ಅಮರೇಶನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

"ಅದ್ಯಾಕೆ ಮೇಡಂ? ಹಿಂದಿಂದ ಟೆಂಪೊ ಗುದ್ದಿ ಮಡ್‌ಗಾರ್ಡ್ ಪೂರ್ತಿ ಒಳಗೆ ಹೋಗಿದೆ. ಕಟ್ ಮಾಡಿ ತೆಗೀಬೇಕು."

"ಕಟ್ ಮಾಡಿ. ನಾನು ಕೂತಿರ್ತೀನಿ."

"ಉಳಿದ ಮೂರೂ ನೋಡಿದ್ರಲ್ಲ."

"ಅದಕ್ಕೇ ನಾಲ್ಕನೇದು ಕೇಳ್ತಾ ಇರೋದು."

ಅವನು ಗೋಡೆಯ ಬಳಿಯಿದ್ದ ಕಟಿಂಗ್ ಮಷೀನನ್ನು ಎಳೆದು ತಂದು, ಪ್ಲಗ್ ಸಿಕ್ಕಿಸಿ, ಮಂಡಿಯೂರಿ ಕೂತ. ಕಿಡಿಗಳು ಹಾರತೊಡಗಿದವು.

ಕಾಮಾಕ್ಷಿಪಾಳ್ಯದ ಆ ಶೆಡ್ಡಿನಲ್ಲಿ ಈಗ ಇದ್ದದ್ದು ಅದೊಂದೇ ಕಾರು. ಮುಂಚೆ ಬಾಗಿಲಿನಾಚೆ ರಸ್ತೆಯವರೆಗೂ ಗಾಡಿಗಳು ಸಾಲು ನಿಲ್ಲುತ್ತಿದ್ದವಂತೆ. ಆ ಕಾರಿನ ಒಡೆಯ ಭೈರೇಶ್ ಸತ್ತ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಏನೋ ಒಂದು ನೆಪ ಹೇಳಿ, ತಮ್ಮ ಗಾಡಿ ತೆಗೆದುಕೊಂಡು ಹೋಗಿದ್ದರು. ಬಾಲ್ಯದ ಗೆಳೆಯನ ಕಾರಿನ ಬ್ರೇಕನ್ನೇ ಸರಿಯಾಗಿ ಮಾಡದವನ ಹತ್ತಿರ ಯಾರು ತಾನೇ ಗಾಡಿ ಬಿಡುತ್ತಾರೆ.

ಹಸಿರು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಟಾಪ್ ಇಲ್ಲದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಸುಮನಹಳ್ಳಿ ಕಡೆಯ ಇಳಿಜಾರಿನಲ್ಲಿ ನಿಂತಿದ್ದ ನೀರಿನ ಟ್ಯಾಂಕರಿನ ಅಡಿಗೆ ಭೈರೇಶನನ್ನು ಕೂರಿಸಿಕೊಂಡೇ ನುಗ್ಗಿತ್ತು. ಅತಿವೇಗ ಎಂದು ಪೊಲೀಸರು ಬರೆದು ಮುಗಿಸಿ, ಕಾರನ್ನು ಈ ಶೆಡ್ಡಿಗೇ ಬಿಟ್ಟುಕೊಟ್ಟರು. ಅಮರೇಶನ ಬೇಜವಾಬ್ದಾರಿ ಎಂದು ಭೈರೇಶನ ತಮ್ಮ ಮಹದೇವ್ ಹಟ ಹಿಡಿದ. ಅವನೇ ವಿಜಯನಗರಕ್ಕೆ ಬಂದು, ಆರ್‌ಟಿಒದಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿದ್ದ ಜಗದಾಂಬಾರ ಎದುರು ಕೂತು ಕೇಳಿಕೊಂಡಿದ್ದ.

"ಅಣ್ಣನ್ನ ಕೊಂದಿದ್ದು ಯಾರು ಅಂತ ನನಗೆ ಗೊತ್ತಾಗ್ಬೇಕು ಮೇಡಂ. ಯಾರೇ ಆಗ್ಲಿ."

ಒಪ್ಪಿಕೊಳ್ಳಬಾರದಿತ್ತು ಎಂದು ಜಗದಾಂಬಾರಿಗೆ ಇವತ್ತು ಬೆಳಿಗ್ಗೆಯಿಂದ ಅನ್ನಿಸತೊಡಗಿತ್ತು.

ಬೆಳಿಗ್ಗೆ ಬಂದವರು ಮೊದಲು ನೋಡಿದ್ದು ಗೇರನ್ನು. ಡ್ಯಾಶ್‌ಬೋರ್ಡು ಕುಸಿದು ಗೇರಿನ ಕೋಲನ್ನು ಒತ್ತಿ ಹಿಡಿದಿತ್ತು. ಅಪಘಾತ ಆದಮೇಲೆ ಅದನ್ನು ಯಾರೂ ಅಲುಗಿಸಿರಲು ಸಾಧ್ಯವಿರಲಿಲ್ಲ. ಕಾರು ಫಸ್ಟ್ ಗೇರಿನಲ್ಲಿತ್ತು.

ಹ್ಯಾಂಡ್ ಬ್ರೇಕಿನ ಹಿಡಿ ಮೇಲಕ್ಕೆ, ಎಷ್ಟು ಎಳೆಯಬಹುದೋ ಅಷ್ಟೂ ಎಳೆದ ಹಾಗೇ ನಿಂತಿತ್ತು.

ವೇಗವಾಗಿ ಬಂದವನ ಕಾರು ಫಸ್ಟ್ ಗೇರಿನಲ್ಲಿರುವುದಿಲ್ಲ. ಇನ್ನು ಮುಂಭಾಗ ಅಷ್ಟು ಜಜ್ಜಿಹೋಗುವುದಕ್ಕೆ ವೇಗವೇ ಬೇಕಿರಲಿಲ್ಲ. ಕಾರು ಅಷ್ಟು ಕುಳ್ಳು, ಟ್ಯಾಂಕರಿನ ಹಿಂಭಾಗ ಅಷ್ಟು ಎತ್ತರ. ಸೈಕಲ್ ತುಳಿಯುವ ವೇಗದಲ್ಲಿ ಹೋಗಿದ್ದರೂ ಕಬ್ಬಿಣ ನೇರ ಎದೆಗೇ ಬರುತ್ತಿತ್ತು. ಸಾಲದ್ದಕ್ಕೆ ಹಿಂದಿದ್ದ ಟೆಂಪೊ ಗುದ್ದಿ ಇನ್ನಷ್ಟು ಒಳಗೆ ನೂಕಿತ್ತು.

ನಾಗರಬಾವಿ ಸರ್ಕಲ್ಲಿನಲ್ಲಿ ಹೂವು ಕಟ್ಟುವಾಕೆಯೂ ಅದನ್ನೇ ಹೇಳಿದ್ದಳು. "ಮೆರವಣಿಗೆ ಹೋದಂಗೆ ಹೋಗ್ತಿತ್ತು ಕಣಕ್ಕ. ಹಿಂದಿನೋರೆಲ್ಲ ಹಾರ್ನ್ ಹೊಡ್ದು ಹೊಡ್ದು ಸಾಕಾಗಿದ್ರು."

ದಾರಿಯಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಕೈಕೊಟ್ಟರೆ ಮನುಷ್ಯ ಗಾಬರಿಯಿಂದ ಪೆಡಲ್ ತುಳಿಯುತ್ತಾನೆ, ಸ್ಟೇರಿಂಗ್ ತಿರುಗಿಸುತ್ತಾನೆ. ಮನೆಯಿಂದ ಹೊರಟಾಗಲೇ ಮೆರವಣಿಗೆಯ ಹಾಗೆ ತೆವಳುವುದಿಲ್ಲ. ಹಾಗಾದರೆ ಬ್ರೇಕ್ ಇಲ್ಲ ಎನ್ನುವುದು ಭೈರೇಶನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೊರಟ?

ಇನ್ನೊಂದು ಸಂಗತಿ. ಆ ಭಾನುವಾರ ಮಧ್ಯಾಹ್ನ ಕಾರಿನಲ್ಲಿ ಕೆಂಗೇರಿ ಕಡೆ ಹೋಗೋಣ ಬಾ ಎಂದು ಭೈರೇಶ್ ತಮ್ಮನನ್ನು ಕರೆದಿದ್ದ. ಭೈರೇಶ್ ಹೊರಟದ್ದು ಬೆಳಿಗ್ಗೆ, ಒಬ್ಬನೇ, ಅದರ ವಿರುದ್ಧ ದಿಕ್ಕಿಗೆ. ಆ ದಿಕ್ಕಿನಲ್ಲಿ ಇರುವುದು ಈ ಶೆಡ್ಡು.

ಕಿಡಿಗಳು ನಿಂತವು. ಅಮರೇಶ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಇನ್ನೂ ಸ್ವಲ್ಪ ಇದೆ ಮೇಡಂ. ಟೀ ತರಿಸ್ಲಾ?"

"ಬೇಡ. ನೀವು ಮುಗಿಸಿ."

ನಿನ್ನೆ ಜಗದಾಂಬಾ ಮೂಡಲಪಾಳ್ಯದ ಹಳೆಯ ಮನೆಗೆ ಹೋಗಿದ್ದರು. ಭೈರೇಶನ ತಾಯಿ ಲಕ್ಷ್ಮಿದೇವಮ್ಮ ಜಗಲಿಯಲ್ಲೇ ಚಾಪೆ ಹಾಕಿ ಕೂರಿಸಿದ್ದರು. ಕಾರು ನಿಲ್ಲುತ್ತಿದ್ದ ಕೊಟ್ಟಿಗೆ ಅಲ್ಲಿಂದಲೇ ಕಾಣುತ್ತಿತ್ತು. ನೆಲದ ಮೇಲೆ ಟೈರಿನ ಗುರುತು ಇನ್ನೂ ಇತ್ತು.

"ಅವರಪ್ಪ ತಂದಿದ್ದು ಕಣಮ್ಮ," ಎಂದಿದ್ದರು ಆಕೆ. "ಯಾವನೋ ಗಿರಣಿ ಮ್ಯಾನೇಜರು ಊರು ಬಿಟ್ಟು ಹೋಗೋವಾಗ ಮಾರಿದ್ದ. ಇವರಿಗೆ ಪಂಚೆ ಉಟ್ಕೊಂಡು ಅದರೊಳಗೆ ಇಳಿಯೋಕೇ ಬರ್ತಿರ್ಲಿಲ್ಲ. ಆದ್ರೂ ಆಸೆ."

"ಅಷ್ಟು ಆಸೆಯಿಂದ ತಂದೋರು ಓಡಿಸ್ಲೇ ಇಲ್ವಲ್ಲಮ್ಮ. ಮೀಟರಲ್ಲಿ ಒಂಬತ್ತು ಸಾವಿರ ಮೈಲಿನೂ ದಾಟಿಲ್ಲ."

ಲಕ್ಷ್ಮಿದೇವಮ್ಮ ಕೊಟ್ಟಿಗೆಯ ಕಡೆ ತಿರುಗಿದರು.

"ಎರಡೇ ಸೀಟಲ್ವಾ. ಅವರೊಬ್ಬರು, ಪಕ್ಕದಲ್ಲಿ ಒಬ್ಬ ಮಗ. ಭೈರನ್ನ ಕೂರಿಸ್ಕೊಂಡು ಹೋದ್ರೆ ಮಾದೇವ ಗೇಟ್ ಹಿಡ್ಕೊಂಡು ಅಳೋನು. ಮಾದೇವನ್ನ ಕೂರಿಸಿದ್ರೆ ಭೈರ ಊಟ ಬಿಡೋನು. ಒಂದಿನ ಇಬ್ಬರೂ ಬಡಿದಾಡ್ಕೊಂಡು ಮಾದೇವನ ಹಲ್ಲು ಮುರೀತು. ಅವತ್ತೇ ಅವರಪ್ಪ ಟಾರ್ಪಾಲು ಹೊದಿಸ್ಬಿಟ್ರು. ನಾನು ಸಾಯೋವರೆಗೂ ಇದು ಓಡಲ್ಲ ಅಂದ್ರು. ಓಡ್ಲಿಲ್ಲ."

ತಂದೆ ಚಿಕ್ಕಣ್ಣನವರು ತೀರಿಕೊಂಡ ಮೇಲೆ ಟಾರ್ಪಾಲು ತೆಗೆದವನು ಭೈರೇಶ್. ಜೊತೆಗೆ ಬಂದವನು ಅಮರೇಶ. ಇಬ್ಬರೂ ಸೇರಿ ಕಾರನ್ನು ಪೂರ್ತಿ ಬಿಚ್ಚಿದರು. ಇಂಜಿನ್ ತೊಳೆದು ಕೂರಿಸಿದರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಡೈನಮೊ ಜಾಗದಲ್ಲಿ ಆಲ್ಟರ್ನೇಟರ್, ರೇಡಿಯೇಟರಿಗೆ ಕರೆಂಟಿನ ಫ್ಯಾನು, ಹೊಸ ವೈರಿಂಗ್.

ಮಹದೇವ್ ಇದಕ್ಕೆ ಒಪ್ಪಲಿಲ್ಲ. ಚಂದ್ರಾ ಲೇಔಟಿನಲ್ಲಿದ್ದ ತನ್ನ ಟೈಲ್ಸ್ ಅಂಗಡಿಯಿಂದ ಒಂದು ದಿನ ಕೋಪದಲ್ಲೇ ಬಂದಿದ್ದ. ಆ ಜಗಳವನ್ನು ಲಕ್ಷ್ಮಿದೇವಮ್ಮ ಮಾತಿಗೆ ಮಾತು ನೆನಪಿಟ್ಟುಕೊಂಡಿದ್ದರು.

"ಅಪ್ಪ ಮುಟ್ಟಿದ್ದೆಲ್ಲ ಬಿಚ್ಚಿ ಗುಜರಿಗೆ ಹಾಕಿದ್ಮೇಲೆ ಉಳಿಯೋದೇನು?" ಎಂದಿದ್ದ ಮಹದೇವ್.

"ಕೊಟ್ಟಿಗೇಲಿ ನಿಂತಿದ್ರೆ ಅದು ಕಾರಲ್ಲ ಕಣೋ, ಫೋಟೊ," ಎಂದಿದ್ದ ಭೈರೇಶ್. "ಈ ಟ್ರಾಫಿಕ್ಕಲ್ಲಿ ಹಳೇ ಬ್ರೇಕ್ ಇಟ್ಕೊಂಡು ಓಡಿಸಿ ಸಾಯ್ಲಾ?"

ಅಲ್ಲಿಂದ ಒಂದು ವರ್ಷ ಇಬ್ಬರೂ ಮಾತಾಡಲಿಲ್ಲ.

ಬಸವೇಶ್ವರನಗರದ ರಾಜೇಂದ್ರ ಎನ್ನುವವನ ಮೇಲೂ ಜಗದಾಂಬಾರಿಗೆ ಅನುಮಾನವಿತ್ತು. ಹಳೆಯ ಕಾರು ಕೂಡಿಡುವ ಗೀಳಿನವನು. ಕಾರನ್ನು ಇದ್ದ ಹಾಗೇ ತನಗೆ ಕೊಡಿ ಎಂದು ಭೈರೇಶನ ಹಿಂದೆ ಬಿದ್ದಿದ್ದ. ಡಿಸ್ಕ್ ಬ್ರೇಕಿನ ಸುದ್ದಿ ಕೇಳಿ ಫೋನಿನಲ್ಲೇ ಬೈದಿದ್ದ. ವಿಚಾರಿಸಿದರೆ, ಆ ವಾರವಿಡೀ ಅವನು ಹಾಸನದಲ್ಲಿ ಮಗಳ ಮದುವೆಯ ಓಡಾಟದಲ್ಲಿದ್ದ. ಅವನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ನಿನ್ನೆ ಅಲ್ಲಿಂದ ಹೊರಡುವಾಗ ಲಕ್ಷ್ಮಿದೇವಮ್ಮ ಯೋಚನೆಯಿಲ್ಲದೆ ಒಂದು ಮಾತು ಆಡಿದ್ದರು.

"ಅಮರೇಶನೂ ಪಾಪ, ಸೊರಗಿಹೋಗಿದಾನೆ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದೋನು ಊಟಕ್ಕೂ ನಿಲ್ಲಲಿಲ್ಲ. ಕೊಟ್ಟಿಗೆಗೆ ಹೋಗಿ, ಅವರಪ್ಪನ ಕಾಲದ ಹಳೇ ಎಣ್ಣೆ ಡಬ್ಬ ಒಂದು ಇತ್ತು, ಅದನ್ನ ಟವಲಲ್ಲಿ ಸುತ್ಕೊಂಡು ಹೊರಟೇಹೋದ."

ಆ ಟವಲಿನ ಡಬ್ಬವೇ ಜಗದಾಂಬಾರನ್ನು ಇವತ್ತು ಈ ಶೆಡ್ಡಿಗೆ ಕರೆತಂದಿತ್ತು.

"ಬಂತು ಮೇಡಂ," ಎಂದ ಅಮರೇಶ.

ಕತ್ತರಿಸಿದ ತಗಡನ್ನು ಪಕ್ಕಕ್ಕೆ ಸರಿಸಿ, ಚಕ್ರ ಬಿಚ್ಚಿ, ಡ್ರಮ್ಮಿನ ಮುಚ್ಚಳ ತೆಗೆದ. ಒಳಗೆ ಬೆರಳುದ್ದದ ಬ್ರೇಕ್ ಸಿಲಿಂಡರ್. ಅದನ್ನೂ ಬಿಚ್ಚಿದ. ಜಗದಾಂಬಾ ಹತ್ತಿರ ಬಂದು ಕೈ ಚಾಚಿದರು. ಅವನು ಅದನ್ನು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಒಳಗಿನ ರಬ್ಬರ್ ವಾಷರ್ ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿತ್ತು. ಒತ್ತಿದರೆ ಬೆರಳಿಗೆ ಕಪ್ಪಗೆ ಅಂಟುತ್ತಿತ್ತು.

ಉಳಿದ ಮೂರು ಚಕ್ರಗಳಲ್ಲಿ ಅವರು ಬೆಳಿಗ್ಗೆ ನೋಡಿದ್ದ ರಬ್ಬರ್ ಗಟ್ಟಿಯಾಗಿತ್ತು, ಹೊಚ್ಚ ಹೊಸದು. ಕಾರಿನ ಮೇಲೆಲ್ಲ ಒಂದು ತಿಂಗಳ ಧೂಳಿದ್ದರೂ ಆ ಸ್ಕ್ರೂಗಳ ತಲೆ ಮಾತ್ರ ಫಳಫಳ ಎನ್ನುತ್ತಿತ್ತು.

ಜಗದಾಂಬಾ ಮೂಲೆಯಲ್ಲಿದ್ದ ಕ್ಯಾನಿನಿಂದ ಗಾಜಿನ ಲೋಟಕ್ಕೆ ನೀರು ಹಿಡಿದರು. ಸಿಲಿಂಡರನ್ನು ಅದರ ಮೇಲೆ ಬಗ್ಗಿಸಿದರು. ನಾಲ್ಕಾರು ಹನಿ ಬಿದ್ದವು.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ನೀರಿಗೆ ಬಿದ್ದರೆ ಕರಗಿಹೋಗುತ್ತದೆ. ನಿಜವಾದ ಎಣ್ಣೆ ತಗುಲಿದರೆ ಬ್ರೇಕಿನ ರಬ್ಬರ್ ಊದಿ ಕೆಡುತ್ತದೆ. ಹನಿಗಳಲ್ಲಿ ಒಂದಿಷ್ಟು ಹಾಗೆ ಕರಗಿತು. ಉಳಿದದ್ದು ಮೇಲೆ ಬಂದು, ಹೊಂಬಣ್ಣದ ತೆಳು ಪದರವಾಗಿ ತೇಲಿತು.

"ಇದೇನು ಅಮರೇಶ್?"

"ಇಂಜಿನ್ ಆಯಿಲ್."

"ಬ್ರೇಕಿನೊಳಗೆ ಹೇಗೆ ಬಂತು?"

"ನಾನೇ ಹಾಕ್ದೆ."

"ಯಾಕೆ?"

"ಮರೆತು. ಗಡಿಬಿಡೀಲಿ ಬೇರೆ ಡಬ್ಬ ಎತ್ಕೊಂಡೆ. ಬರ್ಕೊಳ್ಳಿ ಮೇಡಂ, ನನ್ನ ತಪ್ಪು. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಜಗದಾಂಬಾ ಲೋಟವನ್ನು ಬೆಂಚಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

"ನೀವು ಹಾಕಿದ್ರೆ ಡಬ್ಬ ಈ ಶೆಡ್ಡಲ್ಲಿರಬೇಕಿತ್ತು. ಹನ್ನೊಂದನೇ ದಿನ ಅವರ ಕೊಟ್ಟಿಗೆಯಿಂದ ಟವಲಲ್ಲಿ ಸುತ್ಕೊಂಡು ಬಂದಿದ್ಯಾಕೆ?"

ಅಮರೇಶ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳತೊಡಗಿದ.

"ಅಪಘಾತ ಆದ್ಮೇಲೆ ಮೂರು ಚಕ್ರದ ರಬ್ಬರ್ ಬದಲಾಯಿಸಿದ್ದೀರಿ. ಇದೊಂದು ಜಜ್ಜಿಹೋಗಿತ್ತು, ಕೈ ಹೋಗ್ಲಿಲ್ಲ. ನಾನು ಮೊದಲು ಅಂದ್ಕೊಂಡಿದ್ದು, ನಿಮ್ಮನ್ನ ಉಳಿಸ್ಕೊಳ್ಳೋಕೆ ಹಾಗೆ ಮಾಡಿದ್ದೀರಿ ಅಂತ. ಆದರೆ ಈ ಊದಿರೋ ರಬ್ಬರ್ ನಿಮ್ಮ ಕಡೆ ಸಾಕ್ಷಿ ಅಮರೇಶ್. 'ನನ್ನ ಕೆಲಸ ಸರಿಯಾಗಿತ್ತು, ಆಮೇಲೆ ಯಾರೋ ಇಂಜಿನ್ ಆಯಿಲ್ ಹಾಕಿದಾರೆ' ಅಂತ ಇದನ್ನ ತೋರಿಸಿದ್ರೆ ಯಾರೂ ನಿಮ್ಮನ್ನ ಮುಟ್ತಿರ್ಲಿಲ್ಲ. ಗಿರಾಕಿಗಳೂ ಹೋಗ್ತಿರ್ಲಿಲ್ಲ. ನೀವು ಅದನ್ನೇ ತೆಗೆದು ಬಿಸಾಕಿದ್ರಿ. ಯಾರಿಗೋಸ್ಕರ?"

ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸು ಧಡ್ ಧಡ್ ಎಂದು ಬಡಿಯುತ್ತಲೇ ಇತ್ತು. ಅಮರೇಶ ಕಾರಿನ ಪಕ್ಕ, ನೆಲದ ಮೇಲೆ ಕೂತುಬಿಟ್ಟ.

"ಕೇಳ್ಬೇಡಿ ಮೇಡಂ."

"ಭೈರೇಶ್ ಅವತ್ತು ಬರ್ತಿದ್ದಿದ್ದು ನಿಮ್ಮ ಹತ್ರ. ಫೋನ್ ಮಾಡಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ಮಾಡಿದ್ದ. ನಗ್ತಾ ಇದ್ದ ಮೇಡಂ."

"ನಗ್ತಾ?"

"'ಲೋ, ನನ್ನ ತಮ್ಮ ಕಾರು ಮುಟ್ಟಿದಾನೆ ಕಣೋ' ಅಂದ. ಅಷ್ಟು ಖುಷಿ ಅವನಿಗೆ."

ಬೆಳಿಗ್ಗೆಯಿಂದ ಜಗದಾಂಬಾ ಹೆದರುತ್ತಿದ್ದುದು ಈ ಮಾತಿಗೇ.

ಅಮರೇಶ ನೆಲ ನೋಡಿಕೊಂಡೇ ಹೇಳುತ್ತಾ ಹೋದ.

"ಭೈರನೇ ಸೋತು ಫೋನ್ ಮಾಡಿ ಕರೆದಿದ್ದ ಮಾದೇವನ್ನ. 'ಭಾನುವಾರ ಬಾ, ನೀನು ಓಡ್ಸು, ನಾನು ಪಕ್ಕದಲ್ಲಿ ಕೂರ್ತೀನಿ. ಎರಡು ಸೀಟು, ಇಬ್ಬರು' ಅಂದಿದ್ದ. ಅವನು ಆಯ್ತು ಇಲ್ಲ ಏನೂ ಅನ್ಲಿಲ್ಲ. ಆದ್ರೆ ಅದೇ ವಾರ, ಭೈರ ಮನೇಲಿಲ್ದಾಗ, ಒಬ್ಬನೇ ಬಂದಿದ್ದಾನೆ. ಕಾರು ಒರೆಸಿದಾನೆ. ಬಾನೆಟ್ ಎತ್ತಿ ನೋಡಿದಾನೆ. ಬ್ರೇಕ್ ಆಯಿಲ್ ಕಮ್ಮಿ ಇತ್ತು. ಹೊಸ ಬ್ರೇಕಲ್ವಾ, ಸ್ವಲ್ಪ ಇಳಿಯುತ್ತೆ. ನಾನು ಬಂದು ತುಂಬಿಸ್ತೀನಿ ಅಂದಿದ್ದೆ, ಹೋಗಿರ್ಲಿಲ್ಲ."

"ಆ ಡಬ್ಬ?"

"ಚಿಕ್ಕಣ್ಣನೋರದು. ಮೇಲೆ ಬ್ರೇಕ್ ಆಯಿಲ್ ಅಂತಾನೇ ಇದೆ. ಅದು ಖಾಲಿಯಾದ್ಮೇಲೆ ಅವರು ಪಂಪ್‌ಸೆಟ್ಟಿಗೆ ಅಂತ ಇಂಜಿನ್ ಆಯಿಲ್ ತುಂಬಿಟ್ಟಿದ್ರು. ಮಾದೇವನಿಗೇನು ಗೊತ್ತು. ಅಪ್ಪನ ಡಬ್ಬ, ಅಪ್ಪನ ಕಾರು. ಪ್ರೀತಿಯಿಂದ ಹುಯ್ದು ಹೋಗಿದಾನೆ."

"ಭೈರೇಶ್‌ಗೆ ಹೇಗೆ ಗೊತ್ತಾಯ್ತು?"

"ಭಾನುವಾರ ಬೆಳಿಗ್ಗೆ ತೊಳೆಯೋಕೆ ಅಂತ ಕಾರು ಹೊರಗೆ ತೆಗೆದಾಗ ಪೆಡಲ್ ಸೀದಾ ಕೆಳಗೆ ಹೋಗಿದೆ. ಮುಚ್ಚಳ ತೆಗೆದ್ರೆ ಎಣ್ಣೆ. ಅವ್ವನ್ನ ಕೇಳಿದ್ರೆ, ಮಾದೇವ ಬಂದಿದ್ದ, ಏನೋ ಹುಯ್ತಾ ಇದ್ದ ಅಂದ್ರಂತೆ. ಅಲ್ಲೇ ನನಗೆ ಫೋನ್ ಮಾಡ್ದ. 'ಮಧ್ಯಾಹ್ನ ಬರ್ತಾನೆ. ಅಷ್ಟರೊಳಗೆ ನೀನು ಎಲ್ಲ ತೊಳೆದು ಹೊಸ ರಬ್ಬರ್ ಹಾಕ್ಬಿಡು. ತನ್ನಿಂದ ಕೆಟ್ಟಿದ್ದು ಅಂತ ಗೊತ್ತಾದ್ರೆ ಇನ್ನು ಜನ್ಮದಲ್ಲಿ ಈ ಕಾರು ಹತ್ತಲ್ಲ ಅವನು' ಅಂದ."

"ನೀವೇ ಅಲ್ಲಿಗೆ ಹೋಗಬಹುದಿತ್ತಲ್ಲ," ಎಂದರು ಜಗದಾಂಬಾ. ಆಡಿದ ಮೇಲೆ, ಆಡಬಾರದಿತ್ತು ಅನ್ನಿಸಿತು.

"ಅದೇ ಮೇಡಂ. ಅದೇ ಅಲ್ವಾ," ಎಂದ ಅಮರೇಶ. "ಇರು, ನಾನೇ ಬರ್ತೀನಿ ಅನ್ಬೇಕಿತ್ತು. ನಿದ್ದೆಗಣ್ಣಲ್ಲಿದ್ದೆ. 'ಫಸ್ಟ್ ಗೇರಲ್ಲಿ ಬಾ, ಹ್ಯಾಂಡ್ ಬ್ರೇಕ್ ಇದೆಯಲ್ಲ' ಅಂದ್ಬಿಟ್ಟೆ. ಮಲ್ಕೊಂಡೇ ಅಂದೆ."

ಅವನು ಎದ್ದು, ಬೆಂಚಿನ ಕೆಳಗಿಂದ ಒಂದು ಚೀಲ ಎಳೆದ. ಒಳಗಿಂದ ತುಂಡಾದ ಕೇಬಲ್ಲನ್ನು ತೆಗೆದು ಅವರ ಮುಂದೆ ಹಿಡಿದ. ಹೊರಗಿನ ಕವಚ ಹೊಸದರ ಹಾಗಿತ್ತು. ಮುರಿದ ತುದಿಯಲ್ಲಿ ಒಳಗಿನ ತಂತಿ ತುಕ್ಕು ಹಿಡಿದು ಕೆಂಪಾಗಿತ್ತು.

"ಹ್ಯಾಂಡ್ ಬ್ರೇಕಿಂದು. ಎಲ್ಲಾ ಬದಲಾಯಿಸ್ದೆ ಮೇಡಂ, ಇದನ್ನ ಮಾತ್ರ ಬಿಟ್ಟೆ. ಓಡೇ ಇಲ್ವಲ್ಲ, ಹೊಸದರಂಗೇ ಇದೆ ಅಂದ್ಕೊಂಡೆ. ನಿಂತೂ ನಿಂತೂ ಒಳಗೇ ತಿಂದುಹೋಗಿತ್ತು. ಇಳಿಜಾರಲ್ಲಿ ಟ್ಯಾಂಕರ್ ನೋಡಿ ಎಳೆದಿದಾನೆ. ಇದು ಕಿತ್ಕೊಂಡು ಕೈಗೆ ಬಂದಿದೆ."

ಜಗದಾಂಬಾ ಆ ತಂತಿಯನ್ನು ಕೈಗೆ ತೆಗೆದುಕೊಂಡು ನೋಡಿದರು.

"ಅದಕ್ಕೇ ಹೇಳ್ತಾ ಇರೋದು," ಎಂದ ಅಮರೇಶ. "ನಾನು ಸುಳ್ಳು ಹೇಳ್ತಿಲ್ಲ. ಇದು ಗಟ್ಟಿ ಇದ್ದಿದ್ರೆ ಅವನು ಬದುಕ್ತಿದ್ದ. ಕೇಬಲ್ ಅಂತ ಬರೀರಿ. ಎಣ್ಣೆ ಮಾತು ಬಿಟ್ಬಿಡಿ. ಮಾದೇವ ಒಂದು ವರ್ಷ ಅಣ್ಣನ್ನ ಮಾತಾಡಿಸ್ಲಿಲ್ಲ ಅಂತಾನೇ ಸಾಯ್ತಾ ಇದಾನೆ. ಇದು ಗೊತ್ತಾದ್ರೆ ಉಳೀತಾನಾ? ಅವ್ವನಿಗೆ ಇರೋದು ಅವನೊಬ್ಬನೇ."

ಕೆಲಸದಲ್ಲಿದ್ದಷ್ಟು ಕಾಲ ಜಗದಾಂಬಾ ಇದ್ದದ್ದನ್ನು ಇದ್ದ ಹಾಗೆ ಬರೆದವರು. ಮೇಲಿನವರ ಮಾತಿಗಾಗಲಿ, ಅಳುವವರ ಮುಖ ನೋಡಿಯಾಗಲಿ ಒಂದು ಅಕ್ಷರ ಬದಲಾಯಿಸಿದವರಲ್ಲ. ಕೇಬಲ್ ತುಂಡಾಗಿದ್ದು ನಿಜ. ಅದನ್ನು ಬರೆದರೆ ಸುಳ್ಳಾಗುವುದಿಲ್ಲ. ಪೂರ್ತಿ ನಿಜವೂ ಆಗುವುದಿಲ್ಲ.

ನಿನ್ನೆ ಲಕ್ಷ್ಮಿದೇವಮ್ಮ ಗೇಟಿನವರೆಗೂ ಬಂದು ಕೈ ಹಿಡಿದುಕೊಂಡದ್ದು ನೆನಪಾಯಿತು. ಆ ತಾಯಿ ಏನನ್ನೂ ಕೇಳಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದರು, ಅಷ್ಟೇ.

ಜಗದಾಂಬಾ ಎದ್ದರು. ಬೆಂಚಿನ ಮೇಲಿದ್ದ ಲೋಟವನ್ನು ತೆಗೆದುಕೊಂಡು ಬಾಗಿಲಿಗೆ ಹೋದರು. ಮೋರಿಗೆ ಬಗ್ಗಿಸಿದರು. ಊದಿದ ರಬ್ಬರನ್ನೂ ಅದರಲ್ಲೇ ಬೀಳಿಸಿದರು. ಕಪ್ಪು ನೀರು ಅದನ್ನು ತೆಗೆದುಕೊಂಡು ಹೋಯಿತು.

ಅಮರೇಶ ಕೈ ಮುಗಿಯಲು ಹೋದ. ಬೇಡ ಎಂದು ಅವರು ತಲೆಯಾಡಿಸಿದರು. ತಾವು ಮಾಡಿದ್ದು ಸರಿಯೆಂದು ಅವರಿಗೇ ಅನ್ನಿಸಿರಲಿಲ್ಲ.

ಹೊರಗೆ ಸ್ಕೂಟರ್ ಬಂದು ನಿಂತಿತು.

ಮಹದೇವ್ ಹೆಲ್ಮೆಟ್ ತೆಗೆಯುತ್ತಾ ಒಳಗೆ ಬಂದ. ಗಡ್ಡ ಬೆಳೆದಿತ್ತು. ಕಾರನ್ನು ನೋಡಬಾರದೆಂದು ಮುಖವನ್ನು ಬೇಕೆಂದೇ ಬೇರೆ ಕಡೆ ತಿರುಗಿಸಿಕೊಂಡಿದ್ದ.

"ಏನಾದ್ರೂ ಸಿಕ್ತಾ ಮೇಡಂ?"

"ಹ್ಯಾಂಡ್ ಬ್ರೇಕ್ ಕೇಬಲ್," ಎಂದರು ಜಗದಾಂಬಾ. "ಒಳಗಡೆ ತುಕ್ಕು ಹಿಡಿದಿತ್ತು. ಎಳೆದಾಗ ತುಂಡಾಗಿದೆ."

"ನಾನು ಬದಲಾಯಿಸ್ಬೇಕಿತ್ತು ಮಾದೇವ," ಎಂದ ಅಮರೇಶ. "ತಪ್ಪು ನಂದು."

ಚಿಕ್ಕಂದಿನಿಂದ ಅಮರೇಶಣ್ಣ ಎಂದೇ ಕರೆದು ಬೆಳೆದವನು ಮಹದೇವ್. ಈಗ ಅಣ್ಣ ಎಂಬುದು ಬಿದ್ದುಹೋಗಿತ್ತು.

"ನಿಂದೇ ಅಂತ ಗೊತ್ತು ಕಣೋ ಅಮರೇಶ. ಕೇಬಲ್ ಒಂದೇ ಅಲ್ಲ." ಅವನು ಜಗದಾಂಬಾರ ಕಡೆ ತಿರುಗಿದ. "ನಿಮಗೆ ಒಂದು ವಿಷಯ ಹೇಳಿರ್ಲಿಲ್ಲ ಮೇಡಂ. ನಾಚಿಕೆ ಆಗಿ ಯಾರಿಗೂ ಹೇಳಿರ್ಲಿಲ್ಲ. ಆ ವಾರ ನಾನು ಮನೆಗೆ ಹೋಗಿದ್ದೆ. ಅಣ್ಣ ಇಲ್ದಿರೋ ಹೊತ್ತು ನೋಡ್ಕೊಂಡೇ ಹೋಗಿದ್ದೆ. ಬಾನೆಟ್ ಎತ್ತಿದ್ರೆ ಬ್ರೇಕ್ ಆಯಿಲ್ ಕಮ್ಮಿ ಇತ್ತು. ಎಂಥ ಕೆಲಸ ಇದು ಅಂತ ಬೈಕೊಂಡು ನಾನೇ ತುಂಬಿಸ್ದೆ. ಅಪ್ಪ ಇಟ್ಟಿದ್ದ ಡಬ್ಬದಲ್ಲಿ ಉಳಿದಿತ್ತು, ಪುಣ್ಯಕ್ಕೆ."

ಅಮರೇಶ ಕಣ್ಣು ಮುಚ್ಚಿಕೊಂಡ.

"ಅಣ್ಣನಿಗೆ ಹೇಳ್ಬೇಕಿತ್ತು," ಎಂದ ಮಹದೇವ್. "ಹೇಳಿದ್ರೆ, ಕೊನೆಗೂ ಬಂದೆಯಲ್ಲೋ ಅಂತ ನಗ್ತಾನೆ ಅಂತ ಹೇಳ್ಲಿಲ್ಲ. ಹೇಳಿದ್ರೆ ಅವನು ಹುಷಾರಾಗಿರ್ತಿದ್ನೇನೋ."

ಅವನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ.

"ಅದನ್ನೆಲ್ಲ ಈಗ ಸ್ಟೇಷನ್ನಲ್ಲಿ ಹೇಳಿ ಬಂದೆ. ಸಬ್ ಇನ್ಸ್‌ಪೆಕ್ಟರ್ ಕೇಸ್ ಮತ್ತೆ ತೆಗೀತಾರಂತೆ. ಅಪಘಾತ ಆದ ಬೆಳಿಗ್ಗೇನೇ, ಟ್ಯಾಂಕರ್ ಓನರ್ ಕಡೆ ಇನ್ಶೂರೆನ್ಸ್‌ನೋರು ಬಂದು, ಕಿತ್ತುಹೋದ ಬ್ರೇಕ್ ಪೈಪಿಂದ ಸುರೀತಿದ್ದ ಎಣ್ಣೇನ ಬಾಟಲಿಗೆ ಹಿಡಿದಿಟ್ಟಿದ್ರಂತೆ. ಅದು ಲ್ಯಾಬಿಗೆ ಹೋಗಿದೆ. ನಾಳೆ ರಿಪೋರ್ಟ್ ಬರುತ್ತೆ." ಮಹದೇವ್ ಅಮರೇಶನ ಮುಖವನ್ನೇ ದಿಟ್ಟಿಸಿದ. "ಬ್ರೇಕೊಳಗೆ ಇವನು ಎಂಥಾ ಎಣ್ಣೆ ಹಾಕಿದ್ದ ಅಂತ ನಾಳೆ ಎಲ್ಲರಿಗೂ ಗೊತ್ತಾಗುತ್ತೆ."

ಅಮರೇಶ ಜಗದಾಂಬಾರನ್ನು ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಜಗದಾಂಬಾ ಸೆರಗಿನಿಂದ ಬೆರಳಿನ ಎಣ್ಣೆ ಒರೆಸಿಕೊಂಡರು. ನಾಳೆ ಯಾವುದೋ ಸ್ಟೇಷನ್ನಿನಲ್ಲಿ, ಯಾರೋ ಅಪರಿಚಿತ ಕಾನ್‌ಸ್ಟೇಬಲ್ ಓದಿ ಹೇಳುತ್ತಾನೆ. ಇಲ್ಲವೇ ಇವತ್ತು, ಇಲ್ಲಿ, ತಾವೇ.

ಅವರು ಸ್ಟೂಲನ್ನು ಮಹದೇವನ ಕಡೆಗೆ ಸರಿಸಿದರು.

"ಕೂತ್ಕೊಳ್ಳಿ ಮಹದೇವ್. ಒಂದು ಮಾತು ಹೇಳೋದಿದೆ."

"ಪರವಾಗಿಲ್ಲ ಮೇಡಂ," ಎಂದ ಅವನು. "ನಿಂತೇ ಕೇಳ್ತೀನಿ."